ಒಮ್ಮೆ ಹಾಕಿದೆ, 16 ವರ್ಷದಿಂದ ನಡೀತಿದೆ: ಡೆಬಿಯನ್ ಬಗ್ಗೆ ನನ್ನ ವಿಮರ್ಶೆ

ನನ್ನ ಕಂಪ್ಯೂಟರಿನ ಲಾಗ್ ಫೈಲುಗಳ ನಡುವೆ 'ಇನ್‌ಸ್ಟಾಲರ್' ಅಂತ ಒಂದು ಫೋಲ್ಡರ್ ಇದೆ. ಡೆಬಿಯನ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಮೊದಲ ಸಲ ಹಾಕುವಾಗ ಏನೇನು ನಡೆಯಿತು ಅನ್ನೋದು ಅಲ್ಲಿ ಬರೆದಿರುತ್ತದೆ. ಆಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ನನ್ನ ಫೋಲ್ಡರಿನ ಮೇಲಿರುವ ತಾರೀಖು 2009ರ ಮಾರ್ಚ್ ತಿಂಗಳದ್ದು. ಈಗ ನಾನು ಬಳಸುತ್ತಿರುವುದು ಮೂರನೇ ಲ್ಯಾಪ್‌ಟಾಪ್. ಹಾರ್ಡ್ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂದಿದೆ. ಪರದೆ, ಕೀಬೋರ್ಡು, ಬ್ಯಾಟರಿ ಎಲ್ಲ ಬೇರೆ. ಡೆಬಿಯನ್ ಮಾತ್ರ ಅವತ್ತು ಹಾಕಿದ್ದೇ.

ಈ 16 ವರ್ಷದಲ್ಲಿ ಒಂದು ಸಲವೂ ಅಳಿಸಿ ಹೊಸದಾಗಿ ಹಾಕಿಲ್ಲ. ನಾನು ಬಳಸಿದ ಬೇರೆ ಯಾವ ಸಾಫ್ಟ್‌ವೇರ್ ಬಗ್ಗೆಯೂ ಈ ಮಾತು ಹೇಳಲಾರೆ.

ಇನ್ನೊಂದು ತಾರೀಖಿದೆ, 1993ರ ಆಗಸ್ಟ್ 16. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಯಾನ್ ಮರ್ಡಾಕ್ ಅವತ್ತು ಒಂದು ಹೊಸ ಲಿನಕ್ಸ್ ವಿತರಣೆ, ಅಂದರೆ ಲಿನಕ್ಸ್ ಜೊತೆ ಬೇಕಾದ ಸಾಫ್ಟ್‌ವೇರುಗಳನ್ನೂ ಸೇರಿಸಿದ ಪೂರ್ತಿ ಆಪರೇಟಿಂಗ್ ಸಿಸ್ಟಮ್, ಕಟ್ಟುತ್ತಿದ್ದೇನೆ ಅಂತ ತಿಳಿಸಿದರು. ಅವರು ಬಳಸುತ್ತಿದ್ದ ಎಸ್‌ಎಲ್‌ಎಸ್ ಎಂಬ ವಿತರಣೆಯ ದೋಷಗಳು ಅವರಿಗೆ ಸಾಕಾಗಿ ಹೋಗಿದ್ದವು. ಗೆಳತಿ ಡೆಬ್ರಾ ಹೆಸರಿನ ಮೊದಲ ತುಂಡಿಗೆ ತಮ್ಮ ಹೆಸರು ಸೇರಿಸಿ ಡೆಬಿಯನ್ ಅಂತ ಕರೆದರು. 2025ರ ಆಗಸ್ಟ್ 16ಕ್ಕೆ ಅದಕ್ಕೆ 32 ತುಂಬಿತು. ಡೆಬಿಯನ್ ಬಳಗದವರು ಪ್ರತಿ ವರ್ಷ ಆ ದಿನವನ್ನು ಡೆಬಿಯನ್ ದಿನ ಅಂತ ಆಚರಿಸುತ್ತಾರೆ. ಈ ಸಲ ಒಂದು ವಾರ ಮೊದಲೇ, ಆಗಸ್ಟ್ 9ಕ್ಕೆ, 13ನೇ ಆವೃತ್ತಿ ಟ್ರಿಕ್ಸಿ ಹೊರಬಂದಿತ್ತು. ನಾನು ಹುಟ್ಟುಹಬ್ಬದ ಸಂಜೆ ಕೂತು ಟ್ರಿಕ್ಸಿಗೆ ಅಪ್‌ಗ್ರೇಡ್ ಮಾಡಿದೆ. ಇದು ಎಂಟನೇ ಅಪ್‌ಗ್ರೇಡ್. ಇಷ್ಟು ವರ್ಷ ಬಳಸಿದ ಮೇಲೆ ಇದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳುವ ಹಕ್ಕು ಬಂದಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಡೆಬಿಯನ್ ಹೆಸರು ಕೇಳದವರೂ ಅದನ್ನು ಮುಟ್ಟಿರುತ್ತಾರೆ. 2004ರಲ್ಲಿ ಬಂದ ಉಬುಂಟು ಅನ್ನೋ ವಿತರಣೆ ಇದರ ಮೇಲೆ ಕಟ್ಟಿದ್ದು. ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನ ವ್ಯವಸ್ಥೆಯೂ ಅಷ್ಟೇ. ಟ್ರಿಕ್ಸಿಯಲ್ಲಿ ಸುಮಾರು 70 ಸಾವಿರ ಪ್ಯಾಕೇಜುಗಳಿವೆ. ಪ್ಯಾಕೇಜು ಅಂದರೆ ಒಂದು ಸಾಫ್ಟ್‌ವೇರನ್ನೋ ಅದರ ಒಂದು ಭಾಗವನ್ನೋ ಹಾಕಲು, ತೆಗೆಯಲು, ಮೇಲೇರಿಸಲು ಬರುವ ಹಾಗೆ ಕಟ್ಟಿಟ್ಟ ಗಂಟು. ಆಪ್ಟ್ ಅನ್ನೋ ಸಾಧನಕ್ಕೆ ಹೆಸರು ಹೇಳಿದರೆ ಸಾಕು. ಆ ಗಂಟಿಗೆ ಬೇಕಾದ ಬೇರೆ ಗಂಟುಗಳನ್ನೂ ಹುಡುಕಿ ತಂದು ಹಾಕುತ್ತದೆ. ಈಗ ಫೋನಿನಲ್ಲೂ ಇಂಥದ್ದು ಸಾಮಾನ್ಯ. ಆಪ್ಟ್ 1999ರ ಆವೃತ್ತಿಯಲ್ಲೇ ಬಂದಿತ್ತು.

ನಾನು ಶುರು ಮಾಡಿದ್ದು 5ನೇ ಆವೃತ್ತಿ ಲೆನ್ನಿಯಿಂದ. ಈ ಹೆಸರುಗಳೆಲ್ಲ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳವು. ಶುರುವಿನ ದಿನಗಳಲ್ಲಿ ಯೋಜನೆ ನಡೆಸಿದ ಬ್ರೂಸ್ ಪೆರೆನ್ಸ್ ಆಗ ಪಿಕ್ಸಾರ್‌ನಲ್ಲಿ ಕೆಲಸ ಮಾಡುತ್ತಿದ್ದರು, ಅಲ್ಲಿಂದ ಬಂದ ರೂಢಿ. ಲೆನ್ನಿ ಹಾಕಿದ ಮೊದಲ ದಿನ ನನ್ನ ಲ್ಯಾಪ್‌ಟಾಪಿನ ವೈಫೈ ನಡೆಯಲಿಲ್ಲ. ಆ ಚಿಪ್ಪಿಗೆ ಬೇಕಾದ ಫರ್ಮ್‌ವೇರಿನ (ಚಿಪ್ಪಿನೊಳಗೇ ಓಡುವ ಪುಟ್ಟ ಪ್ರೋಗ್ರಾಮು) ಮೂಲ ಕೋಡನ್ನು ತಯಾರಕರು ಕೊಟ್ಟಿರಲಿಲ್ಲ. ಹಾಗಾಗಿ ಅದು ಮುಕ್ತ ಅಲ್ಲದ್ದರ ಪಟ್ಟಿಯಲ್ಲಿತ್ತು. ಅಂಥದ್ದನ್ನು ಡೆಬಿಯನ್ ತನ್ನ ಅಧಿಕೃತ ಸೀಡಿಯಲ್ಲಿ ಇಡುತ್ತಿರಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಪೆನ್ ಡ್ರೈವಿನಲ್ಲಿ ತಂದು ಹಾಕಬೇಕಾಯಿತು. ಅವತ್ತು ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಆದರೆ ಯಾಕೆ ನಡೆಯುತ್ತಿಲ್ಲ ಅನ್ನೋದನ್ನು ಇನ್‌ಸ್ಟಾಲರ್ ಮುಚ್ಚಿಡಲಿಲ್ಲ. ಬೇಕಾದ ಫೈಲಿನ ಹೆಸರನ್ನೇ ಪರದೆ ಮೇಲೆ ತೋರಿಸಿತ್ತು. ನನ್ನ ಕಂಪ್ಯೂಟರಿನ ಒಳಗೆ ಏನಿದೆ ಅಂತ ನನಗೆ ಯಾರಾದರೂ ಹಾಗೆ ಬಿಡಿಸಿ ಹೇಳಿದ್ದು ಅದೇ ಮೊದಲು.

ಡೆಬಿಯನ್ನಿನ ಗುಣ ಗೊತ್ತಾಗಬೇಕಾದರೆ ಅದು ಹೇಗೆ ತಯಾರಾಗುತ್ತದೆ ಅಂತ ತಿಳಿಯಬೇಕು. ಹೊಸ ಪ್ಯಾಕೇಜು ಮೊದಲು ಬರುವುದು 'ಅನ್‌ಸ್ಟೇಬಲ್' ಅನ್ನೋ ಅಂಗಳಕ್ಕೆ. ಅದರ ಖಾಯಂ ಹೆಸರು ಸಿಡ್. ಸಿನಿಮಾದಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ. ಅಲ್ಲಿ ಕೆಲವು ದಿನ ಇದ್ದು, ದೊಡ್ಡ ದೋಷ ಕಾಣದಿದ್ದರೆ 'ಟೆಸ್ಟಿಂಗ್'ಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗನ್ನು ಫ್ರೀಜ್ ಮಾಡುತ್ತಾರೆ, ಅಂದರೆ ಹೊಸದು ಏನೂ ಒಳಗೆ ಬರುವ ಹಾಗಿಲ್ಲ. ಆಮೇಲೆ ತಿಂಗಳುಗಟ್ಟಲೆ ದೋಷ ತಿದ್ದುವ ಕೆಲಸ ಒಂದೇ. ಬಿಡುಗಡೆಗೆ ಅಡ್ಡಿಯಾಗುವಷ್ಟು ಗಂಭೀರ ದೋಷಗಳ ಪಟ್ಟಿ ಕರಗುತ್ತಾ ಬರಬೇಕು. ತಿದ್ದಲು ಆಗದ ಪ್ಯಾಕೇಜನ್ನು ಆ ಆವೃತ್ತಿಯಿಂದಲೇ ತೆಗೆದುಬಿಡುತ್ತಾರೆ. ಯಾವಾಗ ಬಿಡುಗಡೆ ಅಂತ ಕೇಳಿದರೆ ಅವರ ಹಳೆಯ ಉತ್ತರ, 'ತಯಾರಾದಾಗ.' 2002ರ ವುಡಿ ಆದ ಮೇಲೆ ಸಾರ್ಜ್ ಬರಲು ಹೆಚ್ಚುಕಡಿಮೆ ಮೂರು ವರ್ಷ ಹಿಡಿದಿತ್ತು. ಈಗ ಲಯ ಸಿಕ್ಕಿದೆ. ಲೆನ್ನಿ 2009, ಸ್ಕ್ವೀಜ್ 2011, ವೀಜಿ 2013, ಹೀಗೆ ಬೆಸ ವರ್ಷ ತಪ್ಪದೆ ಬಂದಿವೆ.

ಟೆಸ್ಟಿಂಗ್ ಹೀಗೆ ಬಿಡುಗಡೆಯಾಗಿ 'ಸ್ಟೇಬಲ್' ಆದ ಮೇಲೆ ಅದು ಕದಲುವುದಿಲ್ಲ. ಸುರಕ್ಷತೆಯ ತೂತು ಸಿಕ್ಕಿದರೆ, ಸಾಮಾನ್ಯವಾಗಿ ಹೊಸ ಆವೃತ್ತಿ ತಂದು ಸುರಿಯುವುದಿಲ್ಲ. ಆ ತೂತು ಮುಚ್ಚುವ ತೇಪೆಯನ್ನು ಮಾತ್ರ ಹಳೆಯ ಆವೃತ್ತಿಗೆ ಹಾಕುತ್ತಾರೆ. ಇದು ಕಷ್ಟದ ಕೆಲಸ. ಮೂಲ ಲೇಖಕರು ಆ ಹಳೆಯ ಆವೃತ್ತಿಯನ್ನು ಎಂದೋ ಕೈಬಿಟ್ಟಿರುತ್ತಾರೆ. ಬಳಸುವ ನನಗೆ ಇದರ ಅರ್ಥ ಇಷ್ಟೇ: ಇವತ್ತು ಅಪ್‌ಡೇಟ್ ಮಾಡಿದರೆ ನಾಳೆ ಬೆಳಗ್ಗೆ ಮೆನು ಜಾಗ ಬದಲಾಗಿರುವುದಿಲ್ಲ. ಬಟನ್ನು ಮಾಯವಾಗಿರುವುದಿಲ್ಲ. ನಾನು ಬರೆದುಕೊಂಡ ಚಿಕ್ಕ ಸ್ಕ್ರಿಪ್ಟುಗಳು ಮುರಿದಿರುವುದಿಲ್ಲ. ಕೆಲಸ ಇರುವ ದಿನ ಹೆದರದೆ ಅಪ್‌ಡೇಟ್ ಒತ್ತಬಹುದು. ಈ ನೆಮ್ಮದಿ ಎಷ್ಟು ದೊಡ್ಡದು ಅಂತ ಬೇರೆ ಕಡೆ ಪೆಟ್ಟು ತಿಂದವರಿಗೆ ಗೊತ್ತು, ಅಲ್ವಾ?

ಈಗ ಅಪ್‌ಗ್ರೇಡ್‌ಗಳ ಕಥೆ. ಎಂಟರಲ್ಲಿ ಐದಾರು ಹೇಳಲು ಏನೂ ಇಲ್ಲದಷ್ಟು ಸುಲಭವಾಗಿ ಆದವು. ಸ್ಕ್ವೀಜ್ ನೆನಪೇ ಇಲ್ಲ. ವೀಜಿಯಲ್ಲಿ, ಪರದೆಯ ಮೆನು, ಕಿಟಕಿಗಳನ್ನು ನೋಡಿಕೊಳ್ಳುವ ಗ್ನೋಮ್ 2 ಹೋಗಿ 3 ಬಂದು ಡೆಸ್ಕ್‌ಟಾಪ್ ಗುರುತೇ ಸಿಗದ ಹಾಗಾಯಿತು. ನನಗೆ ಒಗ್ಗಲಿಲ್ಲ, ಎಕ್ಸ್‌ಎಫ್‌ಸಿಇ ಅನ್ನೋ ಇನ್ನೊಂದು ಡೆಸ್ಕ್‌ಟಾಪಿಗೆ ಹೋದೆ, ಇವತ್ತಿಗೂ ಅಲ್ಲೇ ಇದ್ದೇನೆ. ಅದಕ್ಕೂ ಹೊಸದಾಗಿ ಏನೂ ಹಾಕಬೇಕಾಗಲಿಲ್ಲ. ಒಂದು ಪ್ಯಾಕೇಜು ಹಾಕಿ, ಲಾಗಿನ್ ಪರದೆಯಲ್ಲಿ ಅದನ್ನು ಆರಿಸಿದೆ, ಅಷ್ಟೇ.

ಮರೆಯಲಾರದ್ದು 2015ರ ಜೆಸ್ಸಿ. ಅಪ್‌ಗ್ರೇಡ್ ಸರಿಯಾಗೇ ಮುಗಿಯಿತು. ರೀಬೂಟ್ ಮಾಡಿದೆ. ಪರದೆ ಒಂದೂವರೆ ನಿಮಿಷ ಹಾಗೇ ನಿಂತಿತು. ಆಮೇಲೆ ತುರ್ತು ಸ್ಥಿತಿ ಅಂತ ಹೇಳಿ ಪಾಸ್‌ವರ್ಡ್ ಕೇಳಿತು. ನನ್ನ ಎದೆ ಧಸಕ್ಕೆಂದಿತು. ಎಲ್ಲ ಹೋಯಿತು ಅಂದುಕೊಂಡೆ. ಏನೂ ಹೋಗಿರಲಿಲ್ಲ. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನನ್ನ ಹೊರಗಿನ ಡಿಸ್ಕಿನ ಒಂದು ಸಾಲಿತ್ತು. ಆ ಡಿಸ್ಕ್ ಅವತ್ತು ಜೋಡಿಸಿರಲಿಲ್ಲ. ಹಳೆಯ ಬೂಟ್ ವ್ಯವಸ್ಥೆ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಜೆಸ್ಸಿಯಲ್ಲಿ ಬಂದ ಸಿಸ್ಟಮ್‌ಡಿ ಹಾಗಲ್ಲ, ಬರೆದಿದ್ದೀಯಾ ಅಂದ ಮೇಲೆ ಇರಲೇಬೇಕು ಅನ್ನುತ್ತದೆ. ಸಾಲಿನ ಕೊನೆಗೆ 'ನೋಫೇಲ್' ಅಂತ ಒಂದು ಪದ ಸೇರಿಸಿದೆ, ಸರಿಹೋಯಿತು. ಆಮೇಲೆ ಬಿಡುಗಡೆ ಟಿಪ್ಪಣಿ ತೆರೆದು ನೋಡಿದರೆ, ಇದೇ ಸಂಗತಿ, ಇದೇ ಪರಿಹಾರ, ಸ್ಪಷ್ಟವಾಗಿ ಬರೆದಿತ್ತು. ತಪ್ಪು ಪೂರ್ತಿ ನನ್ನದು.

ಆವತ್ತಿನಿಂದ ಪ್ರತಿ ಸಲ ಬಿಡುಗಡೆ ಟಿಪ್ಪಣಿಯನ್ನು ಮೊದಲಿಂದ ಕೊನೆವರೆಗೆ ಓದುತ್ತೇನೆ. ಡೆಬಿಯನ್ ಬಳಸುವವರಿಗೆ ನಾನು ಒಂದೇ ಒಂದು ಸಲಹೆ ಕೊಡಬೇಕು ಅಂದರೆ ಅದೇ. ಅದರ ಐದನೇ ಅಧ್ಯಾಯ ವಿಶೇಷವಾಗಿ ಓದಿ. ಏನು ಮುರಿಯಬಹುದು, ಯಾರಿಗೆ ಮುರಿಯಬಹುದು, ಮುರಿದರೆ ಏನು ಮಾಡಬೇಕು ಅಂತ ಅಲ್ಲಿರುತ್ತದೆ. ಬಸ್ಟರ್ ಟಿಪ್ಪಣಿಯಲ್ಲಿ ನೆಟ್‌ವರ್ಕ್ ಕಾರ್ಡಿನ ಹಳೆಯ ಹೆಸರು ಬದಲಿಸಿಕೊಳ್ಳಿ ಅಂತ ಇತ್ತು, ಬದಲಿಸಿದೆ. ಬುಲ್ಸ್‌ಐನಲ್ಲಿ ಸುರಕ್ಷತೆಯ ತೇಪೆಗಳು ಬರುವ ಭಂಡಾರದ ವಿಳಾಸ ಬರೆಯುವ ರೀತಿ ಬದಲಾಗಿದೆ ಅಂತ ಇತ್ತು, ತಿದ್ದಿದೆ. ಬುಕ್‌ವರ್ಮ್‌ನಲ್ಲಿ ಫರ್ಮ್‌ವೇರಿಗೆ ಬೇರೆಯೇ ವಿಭಾಗ ಬಂದಿದೆ ಅಂತ ಇತ್ತು, ಸೇರಿಸಿದೆ. ಇಷ್ಟು ಪ್ರಾಮಾಣಿಕವಾಗಿ ತನ್ನ ಕುಂದುಗಳನ್ನು ಪಟ್ಟಿ ಮಾಡಿ ಕೈಗೆ ಕೊಡುವ ಕಾಗದವನ್ನು ನಾನು ಹಣ ಕೊಟ್ಟು ಕೊಂಡ ಯಾವ ವಸ್ತುವಿನ ಜೊತೆಯೂ ನೋಡಿಲ್ಲ.

ಲ್ಯಾಪ್‌ಟಾಪ್ ಬದಲಿಸಿದ್ದನ್ನೂ ಹೇಳಬೇಕು. 2014ರಲ್ಲಿ ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ನಕಲು ಮಾಡಿ, ಬೂಟ್‌ಲೋಡರ್ (ಆನ್ ಮಾಡಿದಾಗ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಮು) ಹಾಕಿ ಆನ್ ಮಾಡಿದೆ. ಎದ್ದು ನಿಂತಿತು. ಬೂಟ್ ಆಗುವಾಗ ಬೇಕಾಗುವ ಡ್ರೈವರುಗಳಲ್ಲಿ ಹೆಚ್ಚಿನವನ್ನು ಡೆಬಿಯನ್ ತಾನೇ ಜೊತೆಗಿಟ್ಟುಕೊಂಡಿರುತ್ತದೆ. ಹಾಗಾಗಿ ಅಪರಿಚಿತ ಯಂತ್ರದಲ್ಲೂ ಅದಕ್ಕೆ ದಾರಿ ತಿಳಿಯುತ್ತದೆ. 2020ರಲ್ಲಿ ಸ್ವಲ್ಪ ಜಾಸ್ತಿ ಕೆಲಸ ಆಯಿತು. ಹೊಸ ಯಂತ್ರ ಬೂಟ್ ಆಗುವುದು ಯುಇಎಫ್‌ಐ ಅನ್ನೋ ಬೇರೆ ರೀತಿಯಲ್ಲಿ. ಅದಕ್ಕೆ ಬೇರೆ ಪಾರ್ಟಿಷನ್ ಮಾಡಿ, ಬೂಟ್‌ಲೋಡರಿನ ಬೇರೆ ಪ್ಯಾಕೇಜು ಹಾಕಬೇಕಾಯಿತು. ಒಂದು ಮಧ್ಯಾಹ್ನ ಹಿಡಿಯಿತು. ಅದಾದ ಮೇಲೆ ಕಿಟಕಿಗಳು, ಬಣ್ಣ, ಕೀಬೋರ್ಡ್ ಜೋಡಣೆ, ಬರೆದಿಟ್ಟ ಫೈಲು, ಎಲ್ಲ ಇಟ್ಟಲ್ಲೇ ಇದ್ದವು.

ಇದೆಲ್ಲ ಹೇಗೆ ಸಾಧ್ಯ? ಒಳ್ಳೆಯ ಪ್ರೋಗ್ರಾಮರುಗಳು ಬೇರೆ ಕಡೆಯೂ ಇದ್ದಾರೆ. ಡೆಬಿಯನ್‌ನಲ್ಲಿ ಬೇರೆ ಇರುವುದು, ಅವರು ಮಾತು ಬರೆದುಕೊಟ್ಟಿದ್ದಾರೆ. 1997ರಲ್ಲಿ ಒಪ್ಪಿಕೊಂಡ ಸಾಮಾಜಿಕ ಒಪ್ಪಂದ ಅದು. ಡೆಬಿಯನ್ ಯಾವತ್ತೂ ಮುಕ್ತವಾಗೇ ಇರುತ್ತದೆ, ಬಳಕೆದಾರರೇ ನಮಗೆ ಮುಖ್ಯ, ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ, ಇವು ಅದರಲ್ಲಿರುವ ಮಾತುಗಳು. ಮುಕ್ತ ಅಂದರೆ ಏನು ಅಂತ ಅದರ ಜೊತೆಗೇ ಬರೆದ ಮಾರ್ಗಸೂಚಿಯನ್ನೇ ಆಧಾರ ಮಾಡಿಕೊಂಡು 1998ರಲ್ಲಿ ಓಪನ್ ಸೋರ್ಸ್‌ನ ವ್ಯಾಖ್ಯೆ ಮಾಡಿದರು. ಇವತ್ತು ಜಗತ್ತೆಲ್ಲ ಬಳಸುವ ಆ ಪದದ ಬೇರು ಇಲ್ಲಿದೆ.

'ಮುಚ್ಚಿಡುವುದಿಲ್ಲ' ಅನ್ನೋ ಮಾತಿಗೆ ನಿಜವಾದ ಪರೀಕ್ಷೆ ಆದದ್ದು ನಾನು ಬರುವ ಮೊದಲು, 2008ರ ಮೇ 13ರಂದು. ಅದಕ್ಕೆ ಎರಡು ವರ್ಷ ಹಿಂದೆ ಮಾಹಿತಿಯನ್ನು ಗುಟ್ಟಾಗಿಡುವ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಒಂದು ಎಚ್ಚರಿಕೆ ಸಂದೇಶ ನಿಲ್ಲಿಸಲು ಒಂದೆರಡು ಸಾಲು ತೆಗೆದಿದ್ದರು. ಕೀಲಿಗಳನ್ನು ಊಹಿಸಲು ಆಗದ ಹಾಗೆ ಮಾಡುತ್ತಿದ್ದದ್ದು ಆ ಸಾಲುಗಳೇ. ಅವು ಹೋದ ಮೇಲೆ ಒಂದು ಬಗೆಯ, ಒಂದು ಅಳತೆಯ ಕೀಲಿಗೆ 32 ಸಾವಿರ ಚಿಲ್ಲರೆ ಸಾಧ್ಯತೆ ಮಾತ್ರ ಉಳಿದಿತ್ತು. ಒಂದೊಂದಾಗಿ ಹಾಕಿ ನೋಡಿದರೂ ಬೇಗ ಮುಗಿಯುವಷ್ಟು. ತುಂಬಾ ದೊಡ್ಡ ತಪ್ಪು, ಇದನ್ನು ಸಣ್ಣದು ಮಾಡಿ ಹೇಳಲಾರೆ. ಆದರೆ ಅವರೇ ಹೊರಗೆ ಬಂದು ಹೇಳಿದರು. ದುರ್ಬಲ ಕೀಲಿಗಳನ್ನು ಪತ್ತೆ ಹಚ್ಚುವ ಸಾಧನವನ್ನೂ ಕೊಟ್ಟರು. ಎಲ್ಲ ಕೀಲಿ ಬದಲಿಸಿ ಅಂತ ಜಗತ್ತಿಗೆ ಕೂಗಿ ಹೇಳಿದರು. ಈ ಕಥೆ ಓದಿದ ಮೇಲೂ ನಾನು ಇಲ್ಲೇ ಉಳಿದೆ. ನಾನೂ ಒಂದು ಸಲ ಒಂದು ಚಿಕ್ಕ ದೋಷ ವರದಿ ಮಾಡಿದ್ದೆ, ಮುದ್ರಣದ ಒಂದು ಪ್ಯಾಕೇಜಿನದ್ದು. ವರದಿಗೆ ಒಂದು ಸಂಖ್ಯೆ ಸಿಕ್ಕಿತು. ನಾನು ಬರೆದದ್ದು, ಅವರು ಕೇಳಿದ್ದು, ತಿದ್ದಿದ್ದು, ಎಲ್ಲವನ್ನೂ ಇವತ್ತಿಗೂ ಯಾರು ಬೇಕಾದರೂ ಓದಬಹುದು.

ಇದರ ಹಿಂದೆ ಒಡೆಯ ಅಂತ ಯಾರೂ ಇಲ್ಲ. ಸುಮಾರು ಸಾವಿರ ಡೆವಲಪರುಗಳು ಬೇರೆ ಬೇರೆ ದೇಶಗಳಲ್ಲಿ ಕೂತು ಸ್ವಂತ ಇಚ್ಛೆಯಿಂದ ಮಾಡುವ ಕೆಲಸ ಇದು. ಪ್ರತಿ ವರ್ಷ ತಮ್ಮ ನಾಯಕರನ್ನು ಮತ ಹಾಕಿ ಆರಿಸುತ್ತಾರೆ. ಮತ ಹಾಕುವಾಗ ಒಬ್ಬರ ಹೆಸರಿಗೆ ಗುರುತು ಮಾಡಿ ಬಿಡುವುದಲ್ಲ. ಎಲ್ಲರನ್ನೂ ಇಷ್ಟದ ಕ್ರಮದಲ್ಲಿ ಬರೆಯಬೇಕು. ಜಗಳಗಳೂ ಆಗಿವೆ, ಜೋರಾಗೇ. 2014ರಲ್ಲಿ ಸಿಸ್ಟಮ್‌ಡಿ ಬೇಕೋ ಬೇಡವೋ ಅಂತ ತಾಂತ್ರಿಕ ಸಮಿತಿಯಲ್ಲಿ ಮತ ಸಮಸಮ ಆಗಿ, ಅಧ್ಯಕ್ಷರ ಮತದಿಂದ ತೀರ್ಮಾನ ಆಯಿತು. ಒಪ್ಪದ ಕೆಲವರು ಹೊರಗೆ ಹೋಗಿ ಡೆವಾನ್ ಅನ್ನೋ ಬೇರೆ ವಿತರಣೆ ಕಟ್ಟಿದರು. ಆ ಬೇಸರ ನನಗೆ ಇನ್ನೂ ಇದೆ. ಒಳ್ಳೆಯ ಕೈಗಳು ಹೋದವು. 2022ರ ಮತದಾನ ನನಗೆ ಖುಷಿ ಕೊಟ್ಟಿತು. ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನಲ್ಲೇ ಇಡೋಣ ಅಂತ ತೀರ್ಮಾನಿಸಿ, ಅದಕ್ಕಾಗಿ ಸಾಮಾಜಿಕ ಒಪ್ಪಂದವನ್ನೂ ತಿದ್ದಿದರು. 2023ರ ಬುಕ್‌ವರ್ಮ್ ನಂತರ ಹೊಸಬರು ಪೆನ್ ಡ್ರೈವ್ ಹಿಡಿದು ಇನ್ನೊಂದು ಕಂಪ್ಯೂಟರಿಗೆ ಓಡಬೇಕಿಲ್ಲ. ನನ್ನ ಮೊದಲ ದಿನದ ಬೇಜಾರಿಗೆ 14 ವರ್ಷದ ಮೇಲೆ ಉತ್ತರ ಸಿಕ್ಕಿತು.

ಕೊರತೆ ಇಲ್ಲವಾ? ಇದೆ. ಸಾಫ್ಟ್‌ವೇರುಗಳು ಹಳೆಯವು. ಬಿಡುಗಡೆಯ ದಿನವೇ ಕೆಲವು ತಿಂಗಳು ಹಳತಾಗಿರುತ್ತವೆ, ಎರಡನೇ ವರ್ಷದ ಕೊನೆಗೆ ಎದ್ದು ಕಾಣುತ್ತದೆ. ಫೋಟೋ ತಿದ್ದುವ ಸಾಧನದ ಹೊಸ ಸೌಲಭ್ಯ ಬೇಕು ಅನ್ನಿಸಿದಾಗ ನಾನು ಬ್ಯಾಕ್‌ಪೋರ್ಟ್ಸ್ (ಸ್ಟೇಬಲ್‌ಗಾಗಿ ಕಟ್ಟಿದ ಹೊಸ ಆವೃತ್ತಿಗಳ ಭಂಡಾರ) ನೋಡುತ್ತೇನೆ, ಅಲ್ಲಿಲ್ಲದಿದ್ದರೆ ಯಾವ ಲಿನಕ್ಸಿಗೂ ಹಾಕಬಹುದಾದ ಫ್ಲಾಟ್‌ಪ್ಯಾಕ್ ಗಂಟು. ಹೊಚ್ಚ ಹೊಸ ಲ್ಯಾಪ್‌ಟಾಪ್ ಕೊಂಡ ವಾರವೇ ಸ್ಟೇಬಲ್ ಹಾಕಿದರೆ ಕೆಲವು ಭಾಗಗಳು ನಡೆಯದೇ ಇರಬಹುದು. ಡೆಬಿಯನ್ ವೆಬ್‌ಸೈಟಿನಲ್ಲಿ ಮಾಹಿತಿ ಎಲ್ಲ ಇದೆ, ಆದರೆ ಹೊಸಬರಿಗೆ ದಾರಿ ಸಿಗುವುದು ಕಷ್ಟ. ಇನ್‌ಸ್ಟಾಲರಿನ ಪಾರ್ಟಿಷನ್ ಪುಟ ಇವತ್ತಿಗೂ ಮೊದಲ ಸಲ ನೋಡುವವರನ್ನು ಗಾಬರಿ ಮಾಡುತ್ತದೆ. ದೋಷ ವರದಿ ಇಮೇಲ್ ಮೂಲಕವೇ ಮಾಡಬೇಕು, ಇದು ತುಂಬಾ ಜನರನ್ನು ದೂರ ಇಟ್ಟಿದೆ ಅಂತ ನನ್ನ ಅನಿಸಿಕೆ. ಮತ್ತೆ, 32 ಬಿಟ್‌ನ ಹಳೆಯ ಪೀಸಿಗಳಿಗೆ ಟ್ರಿಕ್ಸಿಯಲ್ಲಿ ಇನ್‌ಸ್ಟಾಲರ್ ಇಲ್ಲ. ಅಂಥ ಯಂತ್ರ ಇರುವವರು ಬುಕ್‌ವರ್ಮ್‌ನಲ್ಲೇ ನಿಲ್ಲಬೇಕು.

ಹೊಸದಾಗಿ ಬರುವವರಿಗೆ ಇನ್ನೊಂದು ಮಾತು. ಸಿಕ್ಕ ಸಿಕ್ಕ ಹೊರಗಿನ ಭಂಡಾರಗಳನ್ನು ಸೇರಿಸಬೇಡಿ. ಸ್ಟೇಬಲ್ ಜೊತೆ ಟೆಸ್ಟಿಂಗ್, ಉಬುಂಟು ಪ್ಯಾಕೇಜು ಬೆರೆಸಬೇಡಿ. ಡೆಬಿಯನ್ ಮುರಿಯಿತು ಅಂತ ನನ್ನ ಹತ್ತಿರ ತಂದ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಹೀಗೆ ಕೆಟ್ಟಿದ್ದವು.

ಇನ್ನು ಆಗಸ್ಟ್ 16ರ ಸಂಜೆ. ಮೊದಲು ಬ್ಯಾಕಪ್. ಟಿಪ್ಪಣಿ ಹಿಂದಿನ ದಿನವೇ ಓದಿದ್ದೆ. ಟ್ರಿಕ್ಸಿಯಲ್ಲಿ ತಾತ್ಕಾಲಿಕ ಫೈಲುಗಳ ಫೋಲ್ಡರ್ ಡಿಸ್ಕಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲಿ ಇರುತ್ತದೆ ಅಂತ ಅದರಲ್ಲಿತ್ತು. ನಾನು ದೊಡ್ಡ ವಿಡಿಯೋ ಫೈಲುಗಳನ್ನು ಅಲ್ಲೇ ಇಡುವ ಅಭ್ಯಾಸ ಮಾಡಿಕೊಂಡಿದ್ದೆ. ಅವನ್ನೆಲ್ಲ ಬೇರೆ ಕಡೆ ಸಾಗಿಸಿದೆ. ಅದೇ ಟಿಪ್ಪಣಿಯಲ್ಲಿ 2038ರ ವಿಷಯವೂ ಇತ್ತು. 32 ಬಿಟ್‌ನಲ್ಲಿ ಸಮಯ ಎಣಿಸುವ ಕಂಪ್ಯೂಟರುಗಳ ಲೆಕ್ಕ ಆ ವರ್ಷ ಜನವರಿ 19ಕ್ಕೆ ತುಂಬಿ ಹೋಗುತ್ತದೆ. ಸಣ್ಣ ಆರ್ಮ್ ಯಂತ್ರಗಳಿಗಾಗಿ ಅದನ್ನು ಈಗಲೇ 64 ಬಿಟ್‌ಗೆ ಬದಲಿಸಿದ್ದಾರೆ. ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪಿಗೆ ಅದು ಬೇಕಿರಲಿಲ್ಲ. ಆದರೂ ಓದಿ ತುಂಬಾ ಸಂತೋಷ ಆಯಿತು.

ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕು ಅಂತ ಹೇಳುವ ಸೋರ್ಸಸ್ ಪಟ್ಟಿಯಲ್ಲಿ ಬುಕ್‌ವರ್ಮ್ ಇದ್ದ ಕಡೆಯೆಲ್ಲ ಟ್ರಿಕ್ಸಿ ಅಂತ ಬರೆದೆ. ಮೊದಲು ಚಿಕ್ಕ ಅಪ್‌ಗ್ರೇಡ್, ಆಮೇಲೆ ಪೂರ್ತಿ. 2,000ಕ್ಕೂ ಹೆಚ್ಚು ಪ್ಯಾಕೇಜು ಇಳಿದವು. ಎರಡು ಕಡೆ ನಿಂತು, ನೀವು ತಿದ್ದಿದ ಸೆಟ್ಟಿಂಗ್ ಇಟ್ಟುಕೊಳ್ಳಲಾ ಅಂತ ಕೇಳಿತು. ಇಟ್ಟುಕೋ ಅಂದೆ. ಒಂದೂ ಕಾಲು ಗಂಟೆಯಲ್ಲಿ ಮುಗಿಯಿತು. ರೀಬೂಟ್ ಆಗುವಾಗ ನನಗೆ ಈಗಲೂ ಜೆಸ್ಸಿ ನೆನಪಾಗುತ್ತದೆ, ಉಸಿರು ಬಿಗಿ ಹಿಡಿದೇ ಕೂತಿದ್ದೆ. ಲಾಗಿನ್ ಪರದೆ ಬಂತು. ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಈಗ 6.12. ಆಪ್ಟ್ ಈಗ ಹಾಕುವುದನ್ನು ಹಸಿರಲ್ಲಿ, ತೆಗೆಯುವುದನ್ನು ಕೆಂಪಲ್ಲಿ ತೋರಿಸುತ್ತದೆ, ಓದಲು ತುಂಬಾ ಚೆನ್ನಾಗಿದೆ.

ಇಯಾನ್ ಮರ್ಡಾಕ್ 2015ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದರ ನಂತರ ಬಂದ ಸ್ಟ್ರೆಚ್ ಆವೃತ್ತಿಯನ್ನು ಡೆಬಿಯನ್‌ನವರು ಅವರಿಗೆ ಅರ್ಪಿಸಿದ್ದರು. ಅವರು ಯೋಜನೆ ನಡೆಸುವುದನ್ನು 1996ರಲ್ಲೇ ಬೇರೆಯವರಿಗೆ ಒಪ್ಪಿಸಿದ್ದರು. ಇವತ್ತು ಪ್ಯಾಕೇಜು ಕಟ್ಟುತ್ತಿರುವವರಲ್ಲಿ ಕೆಲವರು 1993ರಲ್ಲಿ ಹುಟ್ಟಿಯೇ ಇರಲಿಲ್ಲ.

ಎಲ್ಲ ಸರಿ ಇದೆ ಅಂತ ಆದ ಮೇಲೆ ಆ ಇನ್‌ಸ್ಟಾಲರ್ ಫೋಲ್ಡರ್ ತೆರೆದು ನೋಡಿದೆ. 2009ರ ಮಾರ್ಚ್. ಅದರೊಳಗಿನ ಒಂದು ಸಾಲಿನಲ್ಲಿ ನನ್ನ ಮೊದಲ ಲ್ಯಾಪ್‌ಟಾಪಿನ ವೈಫೈ ಚಿಪ್ಪಿನ ಹೆಸರು, ಪಕ್ಕದಲ್ಲಿ ಫರ್ಮ್‌ವೇರ್ ಸಿಗಲಿಲ್ಲ ಅನ್ನೋ ಮಾತು ಇನ್ನೂ ಹಾಗೇ ಇದೆ. ಮುಂದಿನ ಆವೃತ್ತಿಯ ಹೆಸರು ಫೋರ್ಕಿ. ಅದು ಬಂದಾಗ ಒಂಬತ್ತನೇ ಅಪ್‌ಗ್ರೇಡ್ ಹೇಗಾಯಿತು ಅಂತ ಇಲ್ಲೇ ಸೇರಿಸುತ್ತೇನೆ.